ಔಟ್‌ಬೋರ್ಡ್ ಯಂತ್ರಕ್ಕೆ ಹೊದಿಕೆ ಬೇಕೇ?

ಮಂಜೇಶ್ವರದಿಂದ ಹೊಸದುರ್ಗದ ತನಕ ನಮ್ಮ ಕಡಲ ತಡಿಯಲ್ಲಿ ಔಟ್‌ಬೋರ್ಡ್ ಯಂತ್ರವನ್ನು ನೋಡದ ಮಕ್ಕಳು ಇರಲಾರರು. ದೋಣಿಯ ಹಿಂಬದಿಗೆ ಇಲ್ಲವೆ ಪಕ್ಕಕ್ಕೆ ಸಿಕ್ಕಿಸಿ, ಬೇಡವಾದಾಗ ಕಳಚಿ ಮನೆಗೆ ಹೊತ್ತು ತರಬಹುದಾದ ಇಂಜಿನು ಇದು. ಅಮೆರಿಕದಲ್ಲಿ ಓಲೆ ಎವಿನ್‌ರೂಡ್ ಎಂಬವರು 1909ರಲ್ಲಿ ಇಂತಹ ಯಂತ್ರಗಳನ್ನು ಮಾರಾಟಕ್ಕೆ ತಂದರು. ಕೇರಳದ ನಾಡದೋಣಿಗಳಲ್ಲಿ ಇವು 1980ರ ದಶಕದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದವು. ಬಹಳ ಮನೆಗಳಲ್ಲಿ ಇದನ್ನು ಸಾಲ ಮಾಡಿ ಕೊಳ್ಳುತ್ತಾರೆ. ಮನೆಯ ಅನ್ನ ಇದನ್ನು ಅವಲಂಬಿಸಿದೆ. ನಡುಗಡಲಲ್ಲಿ ಇದು ನಿಂತುಹೋದರೆ ದೋಣಿಯಲ್ಲಿರುವವರ ಜೀವಕ್ಕೇ ಅಪಾಯ. ಆದುದರಿಂದ ದಡದಲ್ಲಿರುವಾಗ ಇದಕ್ಕೆ ಹೊದಿಕೆ ಹಾಕಬೇಕೇ ಬೇಡವೇ ಎಂಬುದು ಸಣ್ಣ ಪ್ರಶ್ನೆಯಲ್ಲ. ಪಾಠಪುಸ್ತಕದಲ್ಲಿ ಕಲಿತ ವಿಜ್ಞಾನದ ಸಹಾಯದಿಂದ ಇದಕ್ಕೆ ಉತ್ತರ ಹುಡುಕೋಣ.

ಯಂತ್ರದ ಮೇಲೆ ಈಗಾಗಲೇ ಇರುವ ಮುಚ್ಚಳ

ಯಂತ್ರದ ತಲೆಯ ಮೇಲೆ ಗಟ್ಟಿಯಾದ ಮುಚ್ಚಳವೊಂದು ಇರುವುದನ್ನು ನೀವು ಗಮನಿಸಿರಬಹುದು. ಮಳೆ ಮತ್ತು ತೆರೆಯ ಎರಚಲು ಒಳಗಿನ ಭಾಗಗಳಿಗೆ ನೇರವಾಗಿ ತಾಗದಂತೆ ಅದು ಕಾಯುತ್ತದೆ. ಆದರೆ ಅದರಲ್ಲಿ ಗಾಳಿ ಹೋಗುವ ದಾರಿಗಳಿವೆ. ಇಂಧನ ಉರಿಯಲು ಆಮ್ಲಜನಕ ಬೇಕಷ್ಟೆ? ಈ ದಾರಿಗಳ ಮೂಲಕ ಗಾಳಿಯೊಂದಿಗೆ ಉಪ್ಪಿನ ಹನಿಗಳೂ ಅಲ್ಪಸ್ವಲ್ಪ ಒಳಸೇರುತ್ತವೆ. ನಾವು ಇಲ್ಲಿ ಚರ್ಚಿಸುವುದು ಈ ಮುಚ್ಚಳದ ಮೇಲೆ ಹಾಕುವ ಎರಡನೆಯ ಹೊದಿಕೆಯ ಬಗ್ಗೆ, ಅಂದರೆ ಬಟ್ಟೆ, ಕ್ಯಾನ್ವಾಸ್ ಅಥವಾ ಪ್ಲಾಸ್ಟಿಕ್ ಟಾರ್ಪಾಲಿನ ಬಗ್ಗೆ.

ಯಂತ್ರವನ್ನು ಕೆಡಿಸುವವು ಯಾವುವು?

ಮೊದಲನೆಯದು ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳು ಬಣ್ಣವನ್ನು ಮಂಕಾಗಿಸುತ್ತವೆ. ರಬ್ಬರಿನ ಕೊಳವೆಗಳನ್ನೂ ಪ್ಲಾಸ್ಟಿಕ್ ಭಾಗಗಳನ್ನೂ ಬಿರುಕು ಬಿಡಿಸುತ್ತವೆ. ಎರಡನೆಯದು ಮರಳು ಮತ್ತು ಧೂಳು. ಮೂರನೆಯದು ಹಾಗೂ ಎಲ್ಲಕ್ಕಿಂತ ದೊಡ್ಡದು ಉಪ್ಪು.

ಉಪ್ಪಿನ ಗುಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಯಂತ್ರದ ಹೊರಕವಚ ಬಹುಮಟ್ಟಿಗೆ ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಅಲ್ಯೂಮಿನಿಯಮ್ ಗಾಳಿಯಲ್ಲಿ ತನ್ನ ಮೇಲೆ ತೆಳುವಾದ ಆಕ್ಸೈಡ್ ಪೊರೆಯನ್ನು ತಾನೇ ಕಟ್ಟಿಕೊಂಡು ರಕ್ಷಿಸಿಕೊಳ್ಳುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಈ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಸಣ್ಣ ಗುಳಿಗಳನ್ನು ಕೊರೆಯುತ್ತದೆ. ಕಬ್ಬಿಣದ ತುಕ್ಕು ಕೆಂಪಗಿದ್ದರೆ ಅಲ್ಯೂಮಿನಿಯಮ್ ಸವೆದಲ್ಲಿ ಬಿಳಿ ಹುಡಿ ಕಾಣಿಸುತ್ತದೆ. ಸ್ಟೀಲಿನ ತಿರುಪು ಅಲ್ಯೂಮಿನಿಯಮ್‌ಗೆ ತಾಗಿರುವ ಕಡೆ ಉಪ್ಪುನೀರು ನಿಂತರೆ, ನಾವು ಪ್ರಯೋಗಶಾಲೆಯಲ್ಲಿ ಮಾಡುವ ವಿದ್ಯುತ್ಕೋಶದಂತೆಯೇ ಒಂದು ಸಣ್ಣ ಕೋಶ ಏರ್ಪಟ್ಟು ಅಲ್ಯೂಮಿನಿಯಮ್ ಇನ್ನೂ ಬೇಗ ಸವೆಯುತ್ತದೆ. ಇದನ್ನು ತಡೆಯಲೆಂದೇ ಯಂತ್ರದ ಕೆಳಭಾಗದಲ್ಲಿ ಸತುವಿನಂತಹ ಲೋಹದ ತುಂಡೊಂದನ್ನು ಜೋಡಿಸಿರುತ್ತಾರೆ. ಅದು ತಾನು ಸವೆದು ಯಂತ್ರವನ್ನು ಉಳಿಸುತ್ತದೆ. ಆದರೆ ಅದರ ರಕ್ಷಣೆ ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಮಾತ್ರ. ದಡಕ್ಕೆ ತಂದ ಯಂತ್ರಕ್ಕೆ ಅದರಿಂದ ಪ್ರಯೋಜನವಿಲ್ಲ.

ಇನ್ನೊಂದು ಮುಖ್ಯ ಅಂಶವಿದೆ. ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 75ನ್ನು ದಾಟಿದಾಗ ಶುದ್ಧ ಉಪ್ಪಿನ ಹರಳು ಕೂಡ ಗಾಳಿಯಲ್ಲಿರುವ ತೇವವನ್ನು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ಒದ್ದೆಯಾಗುವುದು ಇದರಿಂದಲೇ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಜೂನಿನಿಂದ ಸೆಪ್ಟೆಂಬರ್ ತನಕ ಆರ್ದ್ರತೆ ಸಾಮಾನ್ಯವಾಗಿ ಈ ಮಟ್ಟಕ್ಕಿಂತ ಮೇಲೆಯೇ ಇರುತ್ತದೆ. ಆದುದರಿಂದ ಲೋಹದ ಮೇಲೆ ಉಪ್ಪು ಉಳಿದಿದ್ದರೆ, ಒಂದು ಹನಿ ಮಳೆ ತಾಗದಿದ್ದರೂ ಅದು ಒದ್ದೆಯಾಗಿಯೇ ಇರುತ್ತದೆ.

ಹೊದಿಕೆ ಮಾಡುವುದೇನು?

ಹೊದಿಕೆಯು ಬಿಸಿಲು, ಮಳೆ, ಧೂಳು, ರಾತ್ರಿಯ ಇಬ್ಬನಿ ಇವನ್ನು ತಡೆಯುತ್ತದೆ. ಆದರೆ ಆಗಲೇ ಒಳಗಿರುವ ಉಪ್ಪನ್ನು ಅದು ತೆಗೆಯಲಾರದು. ಗಾಳಿಯಾಡದ ಪ್ಲಾಸ್ಟಿಕ್ ಹಾಳೆಯನ್ನು ಬುಡದ ತನಕ ಬಿಗಿದು ಕಟ್ಟಿದರೆ ಒಳಗಿನ ತೇವವೂ ಒದ್ದೆ ಮರಳಿನಿಂದ ಏಳುವ ಆವಿಯೂ ಹೊರಹೋಗಲು ದಾರಿಯಿಲ್ಲ. ರಾತ್ರಿ ಹಾಳೆ ತಣ್ಣಗಾದಾಗ ಆ ಆವಿ ಹನಿಗಟ್ಟಿ ಯಂತ್ರದ ಮೇಲೆಯೇ ತೊಟ್ಟಿಕ್ಕುತ್ತದೆ. ದಪ್ಪ ಹತ್ತಿಯ ಕ್ಯಾನ್ವಾಸಿನ ನೂಲುಗಳ ನಡುವೆ ಆವಿ ಹೊರಹೋಗಬಲ್ಲದು. ಹೊದಿಕೆಯ ಬೆಲೆಗಿಂತ ಅದು ಉಸಿರಾಡುವುದೇ ಎಂಬುದು ಮುಖ್ಯ.

ಬಿಸಿಯಾಗಿರುವ ಯಂತ್ರವನ್ನು ಕೂಡಲೇ ಮುಚ್ಚಬಾರದು. ಎಣ್ಣೆ ಸೋರುವ ಯಂತ್ರವನ್ನು ಮುಚ್ಚಿದರೆ ಪೆಟ್ರೋಲಿನ ಆವಿ ಒಳಗೆ ತುಂಬಿ ಬೆಂಕಿಯ ಅಪಾಯವೂ ಉಂಟು. ಟೆಂಪೋದಲ್ಲಿ ಸಾಗಿಸುವಾಗ ಸಡಿಲವಾದ ಹೊದಿಕೆ ಗಾಳಿಗೆ ಬಡಿದುಕೊಳ್ಳುತ್ತದೆ. ನಡುವೆ ಸಿಕ್ಕಿದ ಮರಳು ಉಜ್ಜುಕಾಗದದಂತೆ ಬಣ್ಣವನ್ನು ಕೆರೆಯುತ್ತದೆ.

ಮಾಡಿ ನೋಡಿ

ಹೊಸ ಕಬ್ಬಿಣದ ಮೊಳೆಗಳು ಮೂರನ್ನು ಉಪ್ಪುನೀರಿನಲ್ಲಿ ಅದ್ದಿ ತೆಗೆಯಿರಿ. ಒಂದನ್ನು ಒದ್ದೆಯಾಗಿರುವಂತೆಯೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ. ಎರಡನೆಯದನ್ನು ಜಗಲಿಯ ನೆರಳಿನಲ್ಲಿ ನೂಲಿನಿಂದ ತೂಗುಹಾಕಿ. ಮೂರನೆಯದನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಒರಸಿ, ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ. ಒಂದು ವಾರ ಪ್ರತಿದಿನ ನೋಡಿ, ಅಂದಿನ ಹವೆಯನ್ನೂ ಬರೆದಿಡಿ. ಇದನ್ನೇ ಬೇಸಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಮಾಡಿ ಹೋಲಿಸಿರಿ.

ನಿರ್ಧಾರ ಹೇಗೆ?

1. ದಿನವೂ ಕಡಲಿಗೆ ಹೋಗುವ ಯಂತ್ರ: ಪೂರ್ಣ ಹೊದಿಕೆ ಬೇಕಿಲ್ಲ. ಸಿಹಿನೀರಿನಿಂದ ತೊಳೆದು, ಒಳಗಿನ ನೀರು ಬಸಿದುಹೋಗುವಂತೆ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಸಾಕು. ಕೇರಳದ ಮಳೆಗಾಲದ ಟ್ರಾಲಿಂಗ್ ನಿಷೇಧ ಸಾಂಪ್ರದಾಯಿಕ ದೋಣಿಗಳಿಗೆ ಅನ್ವಯಿಸದಿರುವುದರಿಂದ, ಅತಿ ಹೆಚ್ಚು ತೇವವಿರುವ ಕಾಲದಲ್ಲಿಯೂ ಈ ಯಂತ್ರಗಳಿಗೆ ದುಡಿಮೆ ಇದೆ. ಆಗ ಪ್ಲಾಸ್ಟಿಕ್ ಬಿಗಿಯುವುದು ತೀರ ಕೆಟ್ಟದ್ದು.

2. ಬಿಸಿಲಿನಲ್ಲಿ ದೋಣಿಯಲ್ಲೇ ಬಿಡುವ ಯಂತ್ರ: ತೊಳೆದು ಆರಿದ ಮೇಲೆ ಹೊದಿಕೆ ಒಳ್ಳೆಯದು. ಇಂಜಿನು ಚಾಲೂ ಮಾಡುವ ಮೊದಲು ಅದನ್ನು ತೆಗೆಯಲೇಬೇಕು.

3. ವಾರಗಟ್ಟಲೆ ಕೆಲಸವಿಲ್ಲದೆ ಇಡುವ ಯಂತ್ರ: ಹೊದಿಕೆ ಅಗತ್ಯ. ಅದಕ್ಕೆ ಮೊದಲು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಯಂತ್ರದ ಕೆಳಭಾಗವನ್ನು ಮುಳುಗಿಸಿ ಕೆಲವು ನಿಮಿಷ ಓಡಿಸಿ, ಒಳದಾರಿಗಳ ಉಪ್ಪನ್ನು ತೊಳೆಯಬೇಕು. ಇದು ಹಿರಿಯರು ಬಯಲಿನಲ್ಲಿ, ಪ್ರೊಪೆಲ್ಲರ್ ಕಳಚಿಟ್ಟು ಮಾಡುವ ಕೆಲಸ. ನೀರಿಲ್ಲದೆ ಓಡಿಸಿದರೆ ತಂಪುನೀರಿನ ಪಂಪಿನ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ಅನಂತರ ಕಾರ್ಬ್ಯುರೇಟರಿನ ಇಂಧನ ಬಸಿದು, ಒಣಗಿಸಿ, ಕ್ಯಾನ್ವಾಸ್ ಹೊದಿಸಿ, ಬುಡವನ್ನು ತೆರೆದಿಡಬೇಕು. ಬಿಸಿಲು ಬಂದ ದಿನ ಹೊದಿಕೆ ತೆಗೆದು ಗಾಳಿಯಾಡಿಸಬೇಕು. ಇಲಿಯೋ ಕಣಜವೋ ಗೂಡು ಕಟ್ಟಿದ್ದರೆ ಆಗ ಕಾಣಸಿಗುತ್ತದೆ.

ಉಪ್ಪುಸಹಿತ ಯಂತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡುವುದಕ್ಕಿಂತ ತೊಳೆದು ಬರಿದಾಗಿ ನೆರಳಿನಲ್ಲಿಡುವುದು ಉತ್ತಮ. ತೊಳೆದು, ಒಣಗಿಸಿ, ಉಸಿರಾಡುವ ಹೊದಿಕೆ ಹಾಕುವುದು ಇನ್ನೂ ಉತ್ತಮ. ಕಡಲ ಬದಿಯ ಕೆಲವು ಬಾವಿಗಳ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆ. ಅಂತಹ ನೀರಿನಿಂದ ತೊಳೆದು ಫಲವಿಲ್ಲ. ಮನೆಯಲ್ಲಿ ಯಂತ್ರವಿರುವ ವಿದ್ಯಾರ್ಥಿಗಳು ಸಂಜೆ ಎರಡು ಕೊಡ ಸಿಹಿನೀರು ಸೇದಿ ಕೊಟ್ಟರೂ ಹಿರಿಯರಿಗೆ ದೊಡ್ಡ ಸಹಾಯ ಮಾಡಿದಂತಾಗುತ್ತದೆ.

ಅಭ್ಯಾಸ

1. ಮಳೆ ತಾಗದ ಯಂತ್ರವೂ ಮಳೆಗಾಲದಲ್ಲಿ ಸವೆಯುವುದೇಕೆ?
2. ಸತುವಿನ ತುಂಡಿಗೆ ಬಣ್ಣ ಬಳಿದರೆ ಏನಾಗಬಹುದು?
3. ಹೊದಿಕೆಯ ಬುಡವನ್ನು ತೆರೆದಿಡಬೇಕು ಎನ್ನಲು ಕಾರಣ ಕೊಡಿ.
4. ನಿಮ್ಮ ಮನೆಯ ಸೈಕಲ್ ಅಥವಾ ನೀರಿನ ಪಂಪಿಗೆ ಈ ನಿಯಮಗಳಲ್ಲಿ ಯಾವುವು ಅನ್ವಯಿಸುತ್ತವೆ?