ಕಾಯುವ ಮನೆಯಲ್ಲಿ ಶುಕ್ರ್

ಕೃತಜ್ಞತೆಯ ಬಗ್ಗೆ ಉಪದೇಶ ಮಾಡುವುದು ಸುಲಭ. ಆಲಮೇಲದಲ್ಲಿ ಮಕ್ಕಳಿಗೆ ದೀನೀ ಪಾಠ ಹೇಳಿಕೊಡುವ ನಾನು ಎಷ್ಟೋ ರೋಗಿಗಳ ಮಂಚದ ಬಳಿ ಕುಳಿತು ಸಬ್ರ್ ಮತ್ತು ಶುಕ್ರ್‌ಗಳ ಮಹತ್ವವನ್ನು ವಿವರಿಸಿದ್ದೇನೆ. ಚಹಾ ಕುಡಿದು, ದುಆ ಮಾಡಿ ಎದ್ದು ಬಂದಿದ್ದೇನೆ. ಕಳೆದ ಮಳೆಗಾಲದಿಂದ ಆ ಮಂಚ ನಮ್ಮ ಮನೆಯಲ್ಲೇ ಇದೆ.

ನನ್ನ ಪತ್ನಿಯ ಹೃದಯದ ಒಂದು ಕವಾಟ ಕಿರಿದಾಗಿದೆ. ಬಾಲ್ಯದಲ್ಲಿ ಗಂಟಲು ನೋವು, ಜ್ವರ ಬಂದದ್ದು, ಆಮೇಲೆ ಮೊಣಕಾಲು ಬಾತದ್ದು ಆಕೆಗೆ ನೆನಪಿದೆ. ಚಳಿಗೆ ಬಂದದ್ದೆಂದು ಮನೆಯವರು ಸುಮ್ಮನಾಗಿದ್ದರು. ಹೀಗೆ ಚಿಕಿತ್ಸೆ ಕಾಣದ ಗಂಟಲಿನ ಸೋಂಕು ಕೆಲವು ಮಕ್ಕಳಲ್ಲಿ ಕೀಲುಗಳ ಜ್ವರವಾಗಿ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಅದು ಬಯಲಿಗೆ ಬರುವುದು ಎಷ್ಟೋ ವರ್ಷಗಳ ನಂತರ. ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು: ಮಗುವಿಗೆ ಜ್ವರದೊಂದಿಗೆ ಗಂಟಲು ನೋವು ಬಂದರೆ ವೈದ್ಯರಿಗೆ ತೋರಿಸಿ, ಅವರು ಕೊಟ್ಟ ಔಷಧವನ್ನು ಕೊನೆಯ ಗುಳಿಗೆಯವರೆಗೂ ಕೊಡಿ. ನಮ್ಮ ಮನೆಯಲ್ಲಿ ಸುದ್ದಿ ತಿಳಿದದ್ದು ನೀರಿನ ಕೊಡದಿಂದ. ನಲ್ಲಿಯಿಂದ ಅಡುಗೆಮನೆಗೆ ಕೊಡ ತರುವಷ್ಟರಲ್ಲಿ ಆಕೆ ಮೂರು ಕಡೆ ನಿಲ್ಲುತ್ತಿದ್ದಳು.

ದೇವಣಗಾಂವದ ಬಳಿ ಭೀಮೆಯನ್ನು ದಾಟಿ ಕಲಬುರಗಿಗೆ ಹೋದೆವು. ಕವಾಟ ಸೋರುತ್ತಲೂ ಇರುವುದರಿಂದ ಬಲೂನಿನಿಂದ ಅಗಲಿಸಲಾಗದು, ಬದಲಾಯಿಸಬೇಕು ಎಂದರು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇರುವುದರಿಂದ ಹೊಲ ಮಾರುವ ಪ್ರಸಂಗ ಬರಲಿಲ್ಲ. ಹೆಸರು ಬರೆದುಕೊಂಡರು. ಸರದಿ ಬಂದಾಗ ಫೋನ್ ಮಾಡುತ್ತೇವೆ ಎಂದರು. ಅಂದಿನಿಂದ ಕಾಯುತ್ತಿದ್ದೇವೆ.

ಆರಂಭದಲ್ಲಿ ಯಾರು ಕೇಳಿದರೂ ನನ್ನದು ಒಂದೇ ಉತ್ತರವಾಗಿತ್ತು: "ಅಲ್‌ಹಮ್ದುಲಿಲ್ಲಾಹ್, ಎಲ್ಲ ಚೆನ್ನಾಗಿದೆ." ಇದೇ ಶುಕ್ರ್ ಎಂದು ನಾನು ತಿಳಿದಿದ್ದೆ. ಒಂದು ರಾತ್ರಿ, ಮೂರು ದಿಂಬು ಒರಗಿಸಿಕೊಂಡು ಕುಳಿತೇ ನಿದ್ದೆಗೆ ಯತ್ನಿಸುತ್ತಿದ್ದ ಆಕೆ ಮೆಲ್ಲಗೆ ಕೇಳಿದಳು: "ಬಂದವರಿಗೆಲ್ಲ ಚೆನ್ನಾಗಿದೆ ಅಂತ ಹೇಳಿ ಕಳಿಸುತ್ತೀರಿ. ನನ್ನ ದಮ್ಮು ಯಾರಿಗೆ ಗೊತ್ತಾಗಬೇಕು?"

ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಕಿತಾಬು ತೆರೆದು ಕುಳಿತೆ. ಪ್ರವಾದಿ ಅಯ್ಯೂಬ್(ಅ)ರನ್ನು ಪವಿತ್ರ ಕುರ್‌ಆನ್ ಸಹನಶೀಲರೆಂದೂ ಉತ್ತಮ ದಾಸರೆಂದೂ ಪ್ರಶಂಸಿಸಿದೆ. ಆದರೆ ಅದೇ ಅಯ್ಯೂಬ್(ಅ)ರು ತಮಗೆ ಸಂಕಟ ತಗಲಿದೆಯೆಂದು ತಮ್ಮ ಪ್ರಭುವಿನೊಡನೆ ಬಾಯಿಬಿಟ್ಟು ಹೇಳಿಕೊಂಡರು. ಯಾಕೂಬ್(ಅ)ರು ಮಗನಿಗಾಗಿ ಅತ್ತು ಅತ್ತು ಕಣ್ಣು ಕಳೆದುಕೊಂಡರು. ಹ. ಆಯಿಶಾ(ರ) ತಲೆನೋವೆಂದು ನರಳಿದಾಗ ಪ್ರವಾದಿ(ಸ)ರು ಗದರಿಸಲಿಲ್ಲ, ತಮ್ಮ ತಲೆಯೂ ನೋಯುತ್ತಿದೆ ಎಂದರು. ತಮಗೆ ಇಬ್ಬರಿಗೆ ಬರುವಷ್ಟು ಜ್ವರ ಬರುತ್ತದೆಂದು ಇಬ್ನು ಮಸ್‌ಊದ್(ರ)ರಿಗೆ ತಿಳಿಸಿದರು. ನೋವನ್ನು ನೋವೆಂದು ಹೇಳುವುದು ಕೃತಘ್ನತೆಯಾಗಿದ್ದರೆ ಅಲ್ಲಾಹನ ಪ್ರವಾದಿಗಳು ಹಾಗೆ ಹೇಳುತ್ತಿರಲಿಲ್ಲ. ನಾನು ಮಾಡುತ್ತಿದ್ದುದು ಶುಕ್ರ್ ಅಲ್ಲ, ಮರೆಮಾಚುವಿಕೆ. ನನ್ನ ಮರ್ಯಾದೆಯ ಭಾರವನ್ನು ಒಬ್ಬ ರೋಗಿ ಹೊರುತ್ತಿದ್ದಳು.

ಅಂದಿನಿಂದ ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳತೊಡಗಿದೆ: ಮೆಟ್ಟಿಲು ಹತ್ತಲಾಗುವುದಿಲ್ಲ, ನಮಾಝನ್ನು ಕುಳಿತು ಮಾಡುತ್ತಾಳೆ, ಕೊಡ ಎತ್ತುವಂತಿಲ್ಲ. ಆಗ ಜನರು ಏನು ಮಾಡಬಲ್ಲರೆಂಬುದು ಕಾಣತೊಡಗಿತು. ಓಣಿಯ ಹುಡುಗರು ನೀರು ಬಿಟ್ಟ ದಿನ ಮೊದಲು ನಮ್ಮ ಡ್ರಮ್ ತುಂಬಿಸುತ್ತಾರೆ. 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುವ ಸಿಸ್ಟರ್ ತಾರೀಖನ್ನು ನಮಗಿಂತ ಚೆನ್ನಾಗಿ ನೆನಪಿಟ್ಟಿದ್ದಾರೆ. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಸಲ್ಲಿಸಲಾರ ಎಂಬ ಪ್ರವಾದಿ(ಸ)ರ ಬೋಧನೆಯನ್ನು ನಾನು ಮಕ್ಕಳಿಗೆ ಕಂಠಪಾಠ ಮಾಡಿಸಿದ್ದೆ. ಆದರೆ ಸಹಾಯಕ್ಕೆ ಬಾಗಿಲನ್ನೇ ತೆರೆಯದವನು ಯಾರಿಗೆ ಕೃತಜ್ಞತೆ ಸಲ್ಲಿಸಿಯಾನು?

ಉಪ್ಪಿನ ವಿಷಯ ಹೇಳಲೇಬೇಕು. ವೈದ್ಯರು ಉಪ್ಪು ಕಡಿಮೆ ಮಾಡಿಸಿದ್ದಾರೆ. ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ ಎಲ್ಲ ಬಂದ್. ಊಟದ ರುಚಿಯೇ ಹೋಯಿತೆಂದು ನಾನು ಮರುಗುತ್ತಿದ್ದಾಗ ಆಕೆಯೇ ನಕ್ಕು, "ನಮ್ಮ ರೊಟ್ಟಿಗೆ ಯಾವಾಗ ಉಪ್ಪು ಹಾಕಿದ್ದೇನೆ?" ಎಂದಳು. ನಿಜ. ಬಿಳಿಜೋಳದ ಹಿಟ್ಟು, ಬಿಸಿನೀರು, ಇಷ್ಟೇ. ಮೂವತ್ತು ವರ್ಷ ದಿನಕ್ಕೆರಡು ಹೊತ್ತು ತಿಂದ ರೊಟ್ಟಿಯಲ್ಲಿ ಉಪ್ಪಿಲ್ಲವೆಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಈ ಎರೆಭೂಮಿಯಲ್ಲಿ ಬೆಳೆಯುವ ಅನ್ನ ನನ್ನ ಪತ್ನಿಗೆ ಪಥ್ಯವೇ ಆಗಿತ್ತು.

ಕಳೆದ ಎಳ್ಳಮಾವಾಸ್ಯೆಯಂದು ಪಕ್ಕದ ಮನೆಯ ಲಿಂಗಾಯತ ಹೆಣ್ಣುಮಗಳು ಪ್ರತಿ ವರ್ಷದಂತೆ ಸಜ್ಜಿರೊಟ್ಟಿ, ಪಲ್ಯಗಳ ಬುತ್ತಿ ತಂದುಕೊಟ್ಟರು. ಈ ಸಲ ಜೊತೆಗೊಂದು ಸಣ್ಣ ಡಬ್ಬಿ ಇತ್ತು. "ಮಾಸ್ತರ, ಸಣ್ಣ ಡಬ್ಬಿ ಅಕ್ಕಾಗ. ಉಪ್ಪು ಹಾಕೂ ಮೊದಲ ತಗದಿಟ್ಟೀನಿ" ಎಂದರು. ಹಬ್ಬದ ದಿನ, ಹೊಲಕ್ಕೆ ಹೊರಡುವ ಗಡಿಬಿಡಿಯಲ್ಲಿ, ಒಲೆಯ ಮುಂದೆ ಕೈಯಲ್ಲಿ ಉಪ್ಪು ಹಿಡಿದು ಅವರು ನನ್ನ ಪತ್ನಿಯನ್ನು ನೆನೆದಿದ್ದರು. ಆ ದಿನ ನನ್ನ ಬಾಯಿಂದ ಹೊರಟ ಅಲ್‌ಹಮ್ದುಲಿಲ್ಲಾಹ್‌ಗೂ ಮೊದಲಿನದಕ್ಕೂ ಇದ್ದ ವ್ಯತ್ಯಾಸವನ್ನು ವಿವರಿಸಬೇಕಿಲ್ಲ.

ಗಂಡಂದಿರಿಗೆ ಇನ್ನೊಂದು ಮಾತು. ರೋಗಿಯ ಸೇವೆಯಲ್ಲಿ ಹೊರಗಿನ ಒಳ್ಳೆಯ ಕೆಲಸಗಳೆಲ್ಲ ಕೈತಪ್ಪುತ್ತಿವೆಯೆಂದು ನನಗೂ ಕೊರಗಿತ್ತು. ಹಿಜರಿ 2ರಲ್ಲಿ, ಅಂದರೆ ಕ್ರಿ.ಶ. 624ರಲ್ಲಿ, ಮುಸ್ಲಿಮರು ಬದ್ರ್‌ಗೆ ಹೊರಟಾಗ ಹ. ಉಸ್ಮಾನ್(ರ)ರ ಪತ್ನಿ, ಪ್ರವಾದಿಪುತ್ರಿ ರುಕಯ್ಯಾ(ರ) ಕಾಯಿಲೆ ಬಿದ್ದಿದ್ದರು. ಪ್ರವಾದಿ(ಸ)ರು ಉಸ್ಮಾನ್(ರ)ರನ್ನು ಮದೀನದಲ್ಲೇ ನಿಲ್ಲಿಸಿದರು ಮತ್ತು ಬದ್ರ್‌ನಲ್ಲಿ ಭಾಗವಹಿಸಿದವರ ಪ್ರತಿಫಲವನ್ನೂ ಪಾಲನ್ನೂ ಅವರಿಗೆ ನೀಡಿದರು. ಗುಳಿಗೆ ಎಣಿಸುವುದು, ದಿಂಬು ಸರಿಪಡಿಸುವುದು ಇಬಾದತ್‌ನಿಂದ ಬಿಡುವು ಮಾಡಿಕೊಂಡು ಮಾಡುವ ಕೆಲಸವಲ್ಲ.

ಆದರೆ ಈ ಘಟನೆಯ ಕೊನೆಯನ್ನು ನಾವು ನುಂಗಿಕೊಳ್ಳಬಾರದು. ರುಕಯ್ಯಾ(ರ) ಗುಣಮುಖರಾಗಲಿಲ್ಲ. ಗೆಲುವಿನ ಸುದ್ದಿ ಮದೀನ ತಲುಪಿದಾಗ ಅವರ ದಫನ ಮುಗಿದಿತ್ತು. ಶುಕ್ರ್ ಮಾಡಿದವರಿಗೆ ಹೆಚ್ಚಿಸಿ ಕೊಡುವೆನೆಂದು ಅಲ್ಲಾಹನು ವಾಗ್ದಾನ ಮಾಡಿದ್ದಾನೆ. ಏನನ್ನು ಹೆಚ್ಚಿಸಬೇಕೆಂಬುದು ಅವನ ತೀರ್ಮಾನ. ನನ್ನ ಶುಕ್ರ್‌ನಲ್ಲಿ ವ್ಯಾಪಾರದ ಲೆಕ್ಕ ಸೇರಿಕೊಂಡಿತ್ತೆಂದು ಒಪ್ಪಿಕೊಳ್ಳುತ್ತೇನೆ. ಇಷ್ಟು ಬಾರಿ ಹೇಳಿದ್ದೇನೆ, ಇನ್ನಾದರೂ ಫೋನ್ ಬರಲಿ ಎಂಬಂತೆ. ಈಗಲೂ ಅದು ಪೂರ್ತಿ ಹೋಗಿಲ್ಲ.

ಸಂಬಂಧಿಕರೊಬ್ಬರು, ತವಕ್ಕುಲ್ ಇದ್ದವರಿಗೆ ಆಪರೇಷನ್ ಏಕೆ ಎಂದು ಕೇಳಿದರು. ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಪ್ರವಾದಿ(ಸ)ರೇ ಆದೇಶಿಸಿದ್ದಾರೆಂದು ಹೇಳಿ ಆ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ಲೋಹದ ಕವಾಟ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ಜೀವನವಿಡೀ ಗುಳಿಗೆ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು ಎಂದು ವೈದ್ಯರು ಈಗಲೇ ತಿಳಿಸಿದ್ದಾರೆ. ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಫೋನ್ ಇನ್ನೂ ಬಂದಿಲ್ಲ. ಕಲಬುರಗಿಗೆ ಒಯ್ಯಬೇಕಾದ ಚೀಲ ಬಾಗಿಲ ಹಿಂದಿನ ಗೂಟದಲ್ಲಿದೆ. ಆಧಾರ್, ರೇಷನ್ ಕಾರ್ಡು, ಹಳೆಯ ಚೀಟಿಗಳು ಅದರಲ್ಲಿವೆ. ನಿನ್ನೆ ಆಕೆ ಅದಕ್ಕೆ ಎಂಟು ಕಡಕ್ ರೊಟ್ಟಿ ಸೇರಿಸಿದಳು. ಅವು ನನಗಂತೆ.