ಚೊಚ್ಚಲ ಬಾಣಂತಿಯೂ ಹಿತೈಷಿಗಳ ಸಲಹೆಯೂ

ಮುಂಬಯಿಯಂತಹ ಮಹಾನಗರದಲ್ಲಿಯೂ ಚೊಚ್ಚಲ ಬಾಣಂತಿಗೆ ಸಲಹೆಗಳ ಕೊರತೆಯಿಲ್ಲ. ಊರಿನಿಂದ ಬಂದ ಅತ್ತೆಯವರು ಬಜೆ ತೇಯ್ದು ನೆಕ್ಕಿಸಬೇಕೆನ್ನುವರು. ನೆರೆಮನೆಯ ಮರಾಠಿ ಅಜ್ಜಿ ಬಾಳಗುಟಿ ಕೊಡಬೇಕೆನ್ನುವರು. ಇಬ್ಬರದೂ ಅಕ್ಕರೆಯೇ. ಆದರೂ ಪ್ರತಿಯೊಂದು ಸಲಹೆಯನ್ನೂ ಜರಡಿ ಹಿಡಿಯುವುದು ಅವಶ್ಯ.

ಮೃದುವಾದ ಎಣ್ಣೆ ನೀವುವಿಕೆ, ಬಾಣಂತಿಗೆ ವಿಶ್ರಾಂತಿ, ಸೊಪ್ಪು-ಬೇಳೆಗಳ ಊಟ ಇವು ಹಿತಕರ, ಸಂತೋಷದಿಂದ ಪಾಲಿಸಬಹುದು. ಹೆರಿಗೆಯಾದೊಡನೆ ಬರುವ ಹಳದಿ ಹಾಲನ್ನು ಮಾತ್ರ ಎಂದಿಗೂ ಚೆಲ್ಲಬಾರದು. ರೋಗನಿರೋಧಕ ಶಕ್ತಿ ಅದರಲ್ಲಿ ಹೇರಳವಾಗಿದೆ. ಮೊದಲ 6 ತಿಂಗಳು ಎದೆಹಾಲೇ ಸಾಕು; ವೈದ್ಯರು ಹೇಳಿದ ಔಷಧದ ಹೊರತು ಬಜೆ, ಬಾಳಗುಟಿಗಳಿರಲಿ, ಬೇಸಿಗೆಯಲ್ಲಿ ನೀರೂ ಬೇಡ. ಜೇನಿನಲ್ಲಿರಬಹುದಾದ ಸೂಕ್ಷ್ಮಜೀವಿಗಳು ಎಳೆಗರುಳಿನಲ್ಲಿ ವಿಷವನ್ನುಂಟುಮಾಡಬಲ್ಲವು. ವರ್ಷ ತುಂಬುವವರೆಗೆ ಅದು ವರ್ಜ್ಯ. ಕೆಲವು ಕಾಡಿಗೆಗಳಲ್ಲಿ ಸೀಸವಿರುವುದರಿಂದ ಕಣ್ಣಿಗೆ ಹಚ್ಚದಿರುವುದೇ ಲೇಸು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಯೂ ತಪ್ಪು.

ನಿರಾಕರಣೆಯಲ್ಲಿ ನಯವಿರಲಿ. “ಡಾಕ್ಟರು ಸದ್ಯಕ್ಕೆ ಬೇಡವೆಂದಿದ್ದಾರಮ್ಮ” ಎಂದು ಮಗನೇ ತನ್ನ ತಾಯಿಗೆ ಹೇಳಿದರೆ ಸೊಸೆಯ ಮೇಲೆ ಮುನಿಸು ಬಾರದು. ಬಾಣಂತಿಯ ಅಳು, ಖಿನ್ನತೆ ಎರಡು ವಾರ ಮೀರಿದರೆ ಉಪದೇಶ ಸಲ್ಲದು, ವೈದ್ಯರನ್ನು ಕಾಣಬೇಕು. ಹಿತೈಷಿಗಳು ಮಗುವನ್ನೆತ್ತಿಕೊಂಡು ಆಕೆಗೆ ಎರಡು ತಾಸು ನಿದ್ರೆ ಒದಗಿಸಿದರೆ, ಅದು ನೂರು ಸಲಹೆಗಳಿಗಿಂತ ಮಿಗಿಲು.