ಹಿಮಖಂಡದ ಕರೆಯದ ಅತಿಥಿ

ಭೂಮಂಡಲದ ದಕ್ಷಿಣ ತುದಿಯನ್ನು ಆವರಿಸಿರುವ ಅಂಟಾರ್ಕ್ಟಿಕ ಖಂಡವು ಹಿಮದ ಸಾಮ್ರಾಜ್ಯ. ಅಲ್ಲಿ ಮರವಿಲ್ಲ, ಪೈರಿಲ್ಲ. ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ನೆಲ ಮಾತ್ರ ಹಿಮದ ಹೊದಿಕೆಯಿಂದ ಹೊರಗಿದೆ. ಹಾವಸೆ, ಕಲ್ಲುಹೂ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳು ಆ ನೆಲದ ಪ್ರಜೆಗಳು. ಸ್ವತಂತ್ರವಾಗಿ ಬದುಕುವ ಕೀಟಗಳಲ್ಲಿ ಅಲ್ಲಿನ ಮೂಲನಿವಾಸಿಗಳೆಂದರೆ ಎರಡೇ ಜಾತಿಯ ನೊರಜುಗಳು. ಸುತ್ತಲಿನ ಮಹಾಸಾಗರವೂ ಕೊರೆಯುವ ಚಳಿಯೂ ಕೋಟೆಯಂತೆ ನಿಂತು ಅನ್ಯ ಜೀವಿಗಳನ್ನು ದೂರವಿಟ್ಟಿದ್ದವು. ಆ ಕೋಟೆಯ ಬಾಗಿಲನ್ನು ತೆರೆದವನು ಮಾನವ. ಅದರಲ್ಲಿಯೂ ಜ್ಞಾನವನ್ನು ಅರಸಿ ಹೋದ ಮಾನವ.

ದಕ್ಷಿಣ ಆರ್ಕ್ನಿ ದ್ವೀಪಸಮೂಹದಲ್ಲಿ ಸಿಗ್ನಿ ಎಂಬ ಪುಟ್ಟ ದ್ವೀಪವಿದೆ. ಬ್ರಿಟಿಷರು 1947ರಲ್ಲಿ ಅಲ್ಲಿ ಒಂದು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಉತ್ತರದ ದಕ್ಷಿಣ ಜಾರ್ಜಿಯಾ ದ್ವೀಪದ ಸಸ್ಯಗಳು ಇನ್ನೂ ಹೆಚ್ಚಿನ ಚಳಿಯಲ್ಲಿ ಬದುಕಬಲ್ಲವೇ ಎಂಬುದನ್ನು ತಿಳಿಯಲು 1960ರ ದಶಕದಲ್ಲಿ ವಿಜ್ಞಾನಿಗಳು ಕೆಲವು ಗಿಡಗಳನ್ನು ತಂದು ಸಿಗ್ನಿಯಲ್ಲಿ ನೆಟ್ಟರು. ಗಿಡಗಳೊಡನೆ ಒಂದು ಜಾತಿಯ ನೊರಜೂ ಬಂದಿತು. ಅದರ ಹೆಸರು ಎರೆಟ್ಮಾಪ್ಟೆರಾ ಮರ್ಫಿಯೈ. ಅದು ಬಂದುದನ್ನು ಆಗ ಯಾರೂ ಅರಿಯಲಿಲ್ಲ.

ಈ ನೊರಜಿಗೆ ಹಾರಬಲ್ಲ ರೆಕ್ಕೆಗಳಿಲ್ಲ. ಪ್ರೌಢ ಕೀಟದ ಬಾಳು ಕೆಲವೇ ದಿನಗಳದ್ದು. ಇಂತಹ ಅಲ್ಪಜೀವಿ ಹೇಗೆ ಬೇರೂರಿತು? ಇದರ ಸಂತಾನೋತ್ಪತ್ತಿಗೆ ಗಂಡಿನ ಅಗತ್ಯವಿಲ್ಲ. ಒಂದೇ ಒಂದು ಹೆಣ್ಣು ಉಳಿದರೂ ವಂಶ ಬೆಳೆಯುತ್ತದೆ. ಮರಿಹುಳುಗಳು ಸುಮಾರು ಎರಡು ವರ್ಷ ಮಣ್ಣಿನಲ್ಲಿದ್ದು, ಕೊಳೆತ ಹಾವಸೆಯನ್ನು ತಿಂದು, ಚಳಿಗಾಲವನ್ನು ದಾಟುತ್ತವೆ. ಸಂಶೋಧಕರ ಪಾದರಕ್ಷೆಗಳಿಗೆ ಅಂಟಿದ ಮಣ್ಣಿನೊಡನೆಯೂ ಅವು ಮುಂದೆ ಸಾಗಬಲ್ಲವು. ರೆಕ್ಕೆಯಿಲ್ಲದ ಕೀಟಕ್ಕೆ ಮನುಷ್ಯನ ಕಾಲೇ ವಾಹನವಾಯಿತು.

ಇಷ್ಟು ಸಣ್ಣ ಹುಳುವಿನಿಂದ ಏನು ಕೇಡು ಎಂದು ಕೆಲವರು ಕೇಳಬಹುದು. ಈ ಕೀಟ ನೆಲೆಸಿದ ಮಣ್ಣಿನಲ್ಲಿ ಸಾರಜನಕದ ಪ್ರಮಾಣವು ಅದಿಲ್ಲದ ಮಣ್ಣಿಗಿಂತ ಮೂರರಿಂದ ಐದು ಪಟ್ಟು ಹೆಚ್ಚಿರುವುದು ಪರೀಕ್ಷೆಯಿಂದ ತಿಳಿದುಬಂದಿದೆ. ಹೊಲಕ್ಕೆ ಗೊಬ್ಬರ ವರವಾಗಬಹುದು; ಆದರೆ ಬಡ ಮಣ್ಣಿಗೆ ಹೊಂದಿಕೊಂಡು ಬಾಳುವ ಹಿಮನಾಡಿನ ಹಾವಸೆಗೆ ಅದು ವರವಲ್ಲ. ಸಿರಿಯಾದ ಮಣ್ಣಿನಲ್ಲಿ ಮುಂದೆ ಬರುವ ಅನ್ಯ ಸಸ್ಯಗಳು ಸುಲಭವಾಗಿ ತಳವೂರಬಹುದು. ಕೀಟವನ್ನು ವಿಷವಿಕ್ಕಿ ಕೊಲ್ಲುವೆವೆಂದರೆ ಅದೇ ಮಣ್ಣಿನ ಮೂಲನಿವಾಸಿಗಳೂ ಸಾಯುವ ಭಯವಿದೆ.

ಸಿಗ್ನಿಯ ಕಥೆ ಒಂಟಿಯಲ್ಲ. ಕಿಂಗ್ ಜಾರ್ಜ್ ದ್ವೀಪದಲ್ಲಿರುವ ಉರುಗ್ವೆ ದೇಶದ ಆರ್ಟಿಗಾಸ್ ಕೇಂದ್ರದ ಚರಂಡಿ ವ್ಯವಸ್ಥೆಯಲ್ಲಿ 2006-07ರ ವೇಳೆಗೆ ಉತ್ತರ ಗೋಳಾರ್ಧದ ಒಂದು ನೊಣ ಕಂಡುಬಂದಿತು. ಬೆಚ್ಚನೆಯ ಕೊಳಚೆಯಲ್ಲಿ ಬೆಳೆದ ಅದು ಬಳಿಕ ಇತರ ಕೇಂದ್ರಗಳನ್ನೂ ಹೊರಗಿನ ಬಯಲನ್ನೂ ಸೇರಿತು.

1991ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಸಹಿಯಾದ ಪರಿಸರ ಒಪ್ಪಂದವು ಅನುಮತಿಯಿಲ್ಲದೆ ಅನ್ಯ ಜೀವಿಗಳನ್ನು ಅಂಟಾರ್ಕ್ಟಿಕಕ್ಕೆ ತರುವುದನ್ನು ನಿಷೇಧಿಸಿತು. ಹಿಮಬಂಡಿಗಳನ್ನೆಳೆಯುತ್ತಿದ್ದ ನಾಯಿಗಳು ಕೂಡ 1994ರೊಳಗೆ ಖಂಡವನ್ನು ಬಿಡಬೇಕಾಯಿತು. ಮೈತ್ರಿ, ಭಾರತಿ ಎಂಬ ಕೇಂದ್ರಗಳನ್ನು ಅಲ್ಲಿ ಸ್ಥಾಪಿಸಿರುವ ನಮ್ಮ ದೇಶವೂ ಈ ನಿಯಮಕ್ಕೆ ಬದ್ಧವಾಗಿದೆ. ಆದರೆ ನಾಯಿ ಕಣ್ಣಿಗೆ ಕಾಣುತ್ತದೆ. ತರಕಾರಿಯ ಪೆಟ್ಟಿಗೆಯಲ್ಲಿ ಅಡಗಿದ ಮೊಟ್ಟೆ ಕಾಣುವುದಿಲ್ಲ. ಆದುದರಿಂದ ಪಾದರಕ್ಷೆಯನ್ನು ತೊಳೆಯುವುದು, ಉಡುಪಿನ ಜೇಬನ್ನು ಕೊಡವುವುದು, ಸರಕನ್ನು ಪರೀಕ್ಷಿಸುವುದು ಅಲ್ಲಿ ಸಂಶೋಧನೆಯಷ್ಟೇ ಗುರುತರವಾದ ಕರ್ತವ್ಯಗಳು. ನಿಸರ್ಗವನ್ನು ಅರಿಯಹೊರಟವನು ಮೊದಲು ತನ್ನ ಕಾಲಿನ ಧೂಳನ್ನು ನೋಡಿಕೊಳ್ಳಬೇಕು.

ಅಭ್ಯಾಸ

1. ಅಂಟಾರ್ಕ್ಟಿಕ ಖಂಡಕ್ಕೆ ಕೋಟೆಯಂತಿದ್ದವು ಯಾವುವು?
2. ರೆಕ್ಕೆಯಿಲ್ಲದ ನೊರಜು ಸಿಗ್ನಿ ದ್ವೀಪದಲ್ಲಿ ಬೇರೂರಲು ಕಾರಣಗಳೇನು?
3. ‘ಹೊಲಕ್ಕೆ ವರವಾದುದು ಹಿಮನಾಡಿಗೆ ವರವಲ್ಲ’ – ಈ ಮಾತನ್ನು ಸಮರ್ಥಿಸಿರಿ.